ಸೊಳ್ಳೆ ಪರದೆಯೊಳಗಿನ ರಾಸಬರಿ

ಟ್ರಂಕಿನ ತಳದಲ್ಲಿದ್ದ ಹಳೆಯ ಸೊಳ್ಳೆ ಪರದೆಯನ್ನು ನಿನ್ನೆ ಹೊರಗೆ ತೆಗೆದೆ. ತೆಗೆದವಳು ಅದನ್ನು ಬಿಸಿಲಿಗೆ ಹರವಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ಅದರ ಮೇಲಿನ ಕಲೆಗಳನ್ನೇ ನೋಡತೊಡಗಿದೆ. ಅತ್ತ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಅದರ ವಾಸನೆ ಹಿತ್ತಲಿಗೆ ಬಂದಾಗಲೇ ನನಗೆ ಎಚ್ಚರ. ಪರದೆಯ ತುಂಬ ನೇರಳೆ ಬಣ್ಣದ ಕಲೆಗಳಿವೆ. ನೋಡಿದವರು ಯಾರೋ ಶಾಯಿ ಚೆಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಶಾಯಿಯಲ್ಲ, ಹಣ್ಣಿನ ರಸ. ಸೊಳ್ಳೆ ಪರದೆಗೆ ಹಣ್ಣಿನ ರಸ ಹೇಗೆ ತಾಗಿತು ಎಂದು ನೀವು ಕೇಳುತ್ತೀರಿ. ಕೇಳಿದ್ದಕ್ಕೆ ಪಶ್ಚಾತ್ತಾಪ ಪಡುವಷ್ಟು ಉದ್ದದ ಉತ್ತರ ನನ್ನ ಹತ್ತಿರ ಇದೆ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರ ತಪ್ಪಿಲ್ಲ, ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಮುಂದಿನ ಗತಿ ಅವರಿಗೇನು ಗೊತ್ತು. ಮನೆಯಿಂದ ಹೊರಬಿದ್ದರೆ ಕೀಲಿ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಹಾಕಿದ್ದು ನೆನಪಾದರೆ ಕೀಲಿಕೈ ಎಲ್ಲಿಟ್ಟೆನೆಂಬ ಚಿಂತೆ. ಹಾವೇರಿ ನಿಲ್ದಾಣದಲ್ಲಿ ಗುತ್ತಲದ ಬಸ್ಸು ಹತ್ತಬೇಕಾದರೆ ಬೋರ್ಡು ಓದುತ್ತೇನೆ, ಕಂಡಕ್ಟರನನ್ನು ಕೇಳುತ್ತೇನೆ, ಪಕ್ಕದವರನ್ನು ಕೇಳುತ್ತೇನೆ. ಅವರು ಹೌದೆಂದ ಮೇಲೂ ಗುತ್ತಲ ಕಣ್ಣಿಗೆ ಬೀಳುವವರೆಗೆ ಬಸ್ಸು ಬೇರೆ ಕಡೆ ತಿರುಗೀತೆಂದು ಕಿಟಕಿ ಹಿಡಿದು ಕೂತಿರುತ್ತೇನೆ. ಇದು ಅವ್ವನಿಂದ ನನಗೆ ಬಂದ ಆಸ್ತಿ. ಅಕ್ಕನಿಗೆ ಅವ್ವನ ಬಣ್ಣ ಬಂತು, ಉದ್ದ ಜಡೆ ಬಂತು. ನನ್ನ ಪಾಲಿಗೆ ಉಳಿದದ್ದು ಚಿಂತೆಯೊಂದೇ. ತಕರಾರಿಲ್ಲದ ಪಾಲು, ಯಾರೂ ಕಸಿದುಕೊಳ್ಳಲು ಬಂದಿಲ್ಲ.

ನಾವು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪ ಅಲ್ಲಿಯ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿದ್ದ. ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು, ಬೆಳಕಿಗೆ ಹಿಡಿದು, ಬಣ್ಣ ನೋಡಿ ಅದು ಯಾವ ದರ್ಜೆಯದೆಂದು ಹೇಳುವುದು ಅವನ ಕೆಲಸ. ಕೆಂಪಿನಲ್ಲಿ ಎಷ್ಟು ಕೆಂಪುಗಳಿವೆಯೋ ಅಷ್ಟೂ ಅವನಿಗೆ ಗೊತ್ತು. ನಮ್ಮ ಮನೆಗೆ ಸೀರೆ ತಂದರೂ ಅಪ್ಪ ಅದನ್ನು ಬಾಗಿಲಿಗೆ ಒಯ್ದು ಮೆಣಸಿನಕಾಯಿಯಂತೆಯೇ ಬೆಳಕಿಗೆ ಹಿಡಿದು ನೋಡುತ್ತಿದ್ದ. "ಬಣ್ಣ ನಿಂತೈತಿ," ಎಂದರೆ ಒಳ್ಳೆಯದು. "ಕಪ್ಪ ತಿರಗೇತಿ," ಎಂದರೆ ಆ ಸೀರೆ ಅಂಗಡಿಗೆ ವಾಪಸ್ಸು. ಕಪ್ಪು ತಿರುಗಿದ ಕಾಯಿ ಅಂದರೆ ಕೆಟ್ಟ ಕಾಯಿ. ಒಂದು ಇದ್ದರೆ ಚೀಲವನ್ನೇ ಕೆಡಿಸುತ್ತದೆ. ಊರಿನ ಸಣ್ಣ ಹುಡುಗರಿಗೂ ಇದು ಗೊತ್ತು.

ಇನ್ನು ಸೀನು. ಬೇರೆ ಊರುಗಳಲ್ಲಿ ಹೊರಗೆ ಹೊರಟಾಗ ಯಾರಾದರೂ ಸೀನಿದರೆ ಅಪಶಕುನವೆಂದು ಒಂದು ಗಳಿಗೆ ಕೂತು, ನೀರು ಕುಡಿದು ಹೋಗುತ್ತಾರೆ. ಸುಗ್ಗಿಯ ಬ್ಯಾಡಗಿಯಲ್ಲಿ ಹಾಗೆ ಕೂರಲು ಹೋದರೆ ಯುಗಾದಿಯವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಮೆಣಸಿನಕಾಯಿ ಚೀಲಗಳು ಬಂದು ಬೀಳತೊಡಗಿದವೆಂದರೆ ಗಾಳಿಯೇ ಖಾರ. ಮಾಸ್ತರರು ಪಾಠ ಮಾಡುತ್ತ ಸೀನುತ್ತಾರೆ, ಪೂಜಾರಿ ಮಂಗಳಾರತಿ ಎತ್ತಿದ ಕೈಯಲ್ಲೇ ಸೀನುತ್ತಾನೆ. ಹೊರಗಿನಿಂದ ಬಂದ ಬೀಗರು ಮೂಗು ಒರೆಸಿಕೊಳ್ಳುವುದನ್ನು ನೋಡಿ ನಮಗೆ ಒಳಗೊಳಗೇ ಹೆಮ್ಮೆ. ಈ ಸೀನಿನ ಮಾತು ಯಾಕೆ ತಂದೆನೆಂಬುದು ಮುಂದೆ ಬರುತ್ತದೆ.

ಅಕ್ಕನ ಹೆಸರು ಗಿರಿಜಾ. ಎಂಬತ್ತರ ದಶಕದಲ್ಲಿ, ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದಾಗ ಅವಳ ಮದುವೆಯಾಯಿತು. ಅವಳ ಗಂಡ, ನನಗೆ ಮಾಮಾ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯ ಬೇಸಿಗೆಯಲ್ಲಿ ಇಬ್ಬರೂ ಮಹಾಬಳೇಶ್ವರಕ್ಕೆ ಹೋಗಿ ಬಂದರು. ಬೇರೆಯವರು ಅಲ್ಲಿಂದ ಚಪ್ಪಲಿ ತರುತ್ತಾರೆ, ಕಡಲೆ ತರುತ್ತಾರೆ. ಮಾಮಾ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಎರಡು ಮುಳ್ಳಿನ ಕಡ್ಡಿ ತಂದರು. ಒಂದು ಕುಮಾರಪಟ್ಟಣದ ಮನೆಗೆ, ಒಂದು ನಮಗೆ.

"ರಾಸ್ಪ್‌ಬೆರಿ ಅಂತಾರ್ರಿ ಅತ್ತೀ," ಎಂದರು ಮಾಮಾ, ಅವ್ವನಿಗೆ. "ಅಲ್ಲೆ ರಸ್ತೆದಾಗ ಎಲಿ ದೊನ್ನ್ಯಾಗ ಹಾಕಿ ಮಾರತಾರ. ಇಕಿ ತಿಂದದ್ದ ತಿಂದದ್ದು. ಬಾಯಾಗಿಟ್ರ ಕರಗತಾವ ನೋಡ್ರಿ."

ಹಣ್ಣಿನ ಬಣ್ಣ ಯಾವುದೆಂದು ಮಾಮಾ ಹೇಳಲಿಲ್ಲ, ನಾವು ಕೇಳಲಿಲ್ಲ. ಹಣ್ಣಾಯಿತು ಎಂದರೆ ಕೆಂಪಾಯಿತು ಎಂದೇ ಅರ್ಥವಿರುವ ಊರಿನಲ್ಲಿ ಅದನ್ನು ಕೇಳುವುದು ಯಾರಿಗೂ ಹೊಳೆಯುವುದಿಲ್ಲ.

ತಕರಾರು ಬಂದದ್ದು ಆಯಿಯಿಂದ. ಆಯಿ ಎಂದರೆ ಅಪ್ಪನ ತಾಯಿ. ಕಣ್ಣು ಮಂಜಾಗಿದ್ದರೂ ಮನೆಯೊಳಗೆ ಬರುವ ಪ್ರತಿಯೊಂದೂ ಅವಳ ಕೈ ದಾಟಿಯೇ ಬರಬೇಕು. ಕಡ್ಡಿ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಮುಳ್ಳಿನ ಗಿಡ ಮನ್ಯಾಗ ಹಚ್ಚಬಾರದು. ಜಗಳ ಹುಟ್ತಾವ."

"ಗುಲಾಬಿಗೆ ಮುಳ್ಳಿಲ್ಲೇನು ಆಯಿ?" ಎಂದೆ ನಾನು.

"ಗುಲಾಬಿ ದೇವರ ತಲಿಮ್ಯಾಲೆ ಏರತೈತಿ. ಇದೇನು ಏರತೈತಿ, ನಿನ್ನ ತಲಿಮ್ಯಾಲೆ?"

ಹೊಸ ಅಳಿಯ ತಂದದ್ದನ್ನು ಒಗೆಯುವಂತಿಲ್ಲ, ಅತ್ತೆಯ ಮಾತು ಮೀರುವಂತಿಲ್ಲ. ಅವ್ವ ಕಡ್ಡಿಯನ್ನು ಒಳಗೂ ಒಯ್ಯದೆ ಹೊರಗೂ ಒಗೆಯದೆ ಹಿಡಿದುಕೊಂಡೇ ನಿಂತಳು. ಅಷ್ಟರಲ್ಲಿ ಆಯಿ ತನ್ನ ಬೆರಳುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬೆರಳಿಗೆ ಬೆಳ್ಳನೆಯ ಪುಡಿ ಹತ್ತಿತ್ತು. ಆ ಜಾತಿಯ ಗಿಡದ ಕಡ್ಡಿಯ ಮೇಲೆ ಹಾಗೆ ಬಿಳಿ ಬೂದಿಯಂಥದು ಇರುತ್ತದೆ. ಆಯಿ ಇನ್ನೊಮ್ಮೆ ಕಡ್ಡಿ ಸವರಿದಳು. "ಇದು ವಿಭೂತಿ ಹಚಗೊಂಡೈತಲ್ಲ! ಇರಲಿ ಬಿಡು. ಹಿತ್ತಲದಾಗ ಹಚ್ಚು," ಎಂದಳು. ಹೀಗೆ ನಮ್ಮ ಮನೆಯೊಳಗೆ ಭಕ್ತರ ವೇಷದಲ್ಲಿ ಒಂದು ಮುಳ್ಳುಕಂಟಿ ಪ್ರವೇಶ ಪಡೆಯಿತು. ಆಯಿಯ ಬಾಯಲ್ಲಿ ಅದರ ಹೆಸರು ರಾಸಬರಿ ಆಯಿತು, ಮನೆಮಂದಿಗೆಲ್ಲ ಅದೇ ಖಾಯಂ ಆಯಿತು.

ಬಚ್ಚಲು ನೀರು ಹೋಗುವ ಕಡೆ, ಹಿತ್ತಲ ಗೋಡೆಯ ಮರೆಗೆ ಅದನ್ನು ನೆಟ್ಟೆವು. ಕುಮಾರಪಟ್ಟಣದ ಕಡ್ಡಿ ಒಣಗಿ ಹೋಯಿತಂತೆ. ನಮ್ಮದು ಮಾತ್ರ ಬೆಳೆದದ್ದೇ ಬೆಳೆದದ್ದು. ಟೊಂಗೆಗಳು ಬಿಲ್ಲಿನಂತೆ ಬಾಗಿ, ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ಅಲ್ಲಿಂದ ಮತ್ತೆ ಎದ್ದವು. ಆದರೆ ಎರಡು ಚಳಿಗಾಲ ಹೂವಿಲ್ಲ, ಹಣ್ಣಿಲ್ಲ. ಒಣಹಾಕಿದ ಸೀರೆ ಹರಿದದ್ದೊಂದೇ ಅದರ ಫಸಲು.

ಆ ಎರಡು ವರ್ಷಗಳಲ್ಲಿ ಅಕ್ಕನಿಗೂ ಎರಡು ಸಲ ತಿಂಗಳು ತುಂಬದೆ ಹೋಯಿತು. ಮೊದಲನೆಯ ಸಲ ಎಲ್ಲರೂ, ಆಗ್ತದ ಬಿಡು, ವಯಸ್ಸಿದೆ ಎಂದರು. ಎರಡನೆಯ ಸಲ ಯಾರೂ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು. ಅವ್ವ ಆಗ ದೇವರ ಮನೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಲೇ ಇರುತ್ತಿದ್ದಳು. ಡಬ್ಬಿ ತುಂಬಿ ಹೊರಗೆ ಚೆಲ್ಲಿದರೂ ಹೊಸೆಯುವುದು ನಿಲ್ಲುತ್ತಿರಲಿಲ್ಲ.

ಮೂರನೆಯ ಸಲ ಅಕ್ಕ ಬಸುರಾದಾಗ ದೀಪಾವಳಿ ಮುಗಿಸಿಕೊಂಡು ಮಾಮಾನೇ ಕರೆತಂದು ಬಿಟ್ಟರು. ರಾಣೆಬೆನ್ನೂರಿನ ಡಾಕ್ಟರಮ್ಮ ಭಾರ ಎತ್ತಬಾರದು, ಹೆಚ್ಚು ಓಡಾಡಬಾರದು, ಆದಷ್ಟು ಮಲಗಿಯೇ ಇರಬೇಕು ಎಂದಿದ್ದರು. ಇದಕ್ಕೆ ಅವ್ವ ತನ್ನವನ್ನೂ ಸೇರಿಸಿದಳು. ಗಟ್ಟಿಯಾಗಿ ನಗಬಾರದು. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಬಾರದು. ಮುಖ್ಯವಾಗಿ ಸೀನಬಾರದು.

ಸುಗ್ಗಿ ಆರಂಭವಾದ ಬ್ಯಾಡಗಿಯಲ್ಲಿ ಸೀನಬಾರದು! ಅಪ್ಪ ಪೇಟೆಯಿಂದ ಬಂದರೆ ಹಿತ್ತಲ ಬಾಗಿಲಿನಿಂದ ಬಂದು, ಬಟ್ಟೆ ಬಿಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿ, ತಲೆಗೆ ನೀರು ಸುರಿದುಕೊಂಡೇ ಒಳಗೆ ಬರಬೇಕು. ಬೀದಿ ಕಡೆಯ ಕಿಟಕಿಗಳಿಗೆ ಒದ್ದೆ ಸೀರೆ ಕಟ್ಟಿದ್ದಾಯಿತು. ಅದೂ ಸಾಲದೆ ಅವ್ವ ಮನೆಮನೆಗೆ ಹೋಗಿ, ಇನ್ನು ಸ್ವಲ್ಪ ದಿನ ಮೆಣಸಿನಕಾಯಿ ಹುರಿಯಬೇಡಿರೆಂದು ಕೈ ಮುಗಿದು ಬಂದಳು. ಪಕ್ಕದ ಮನೆಯ ನೀಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನಬೇ, ಹೊಳಿ ದಂಡ್ಯಾಗ ಇದ್ದು ನೀರ ಮುಟ್ಟಬ್ಯಾಡ ಅಂದಂಗಾತಲ್ಲ ನಿನ್ನ ಮಾತು!" ಎಂದಳು. ಬಾಯಿ ಹಾಗಂದರೂ ಅವತ್ತಿನಿಂದ ಅವಳು ಹುರಿಯುವುದಿದ್ದಾಗ ಬಾಣಲೆ ಎತ್ತಿಕೊಂಡು ಹಿಂದಿನ ಓಣಿಯ ತಂಗಿಯ ಮನೆಗೆ ಹೋಗುತ್ತಿದ್ದಳು. ಅಷ್ಟಾದರೂ ಅಕ್ಕನಿಗೆ ಸೀನು ಬಂದೇ ಬರುತ್ತಿತ್ತು. ಬಂದಾಗ ಮೂಗು ಒತ್ತಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ತಡೆಯುತ್ತಿದ್ದಳು. ನಾನು ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದೆ. ಅವಳ ಮೂಗು ಅರಳಿತೆಂದರೆ ನಾನೂ ನನ್ನ ಮೂಗು ಒತ್ತಿ ಹಿಡಿಯುತ್ತಿದ್ದೆ.

ಇದೆಲ್ಲಕ್ಕಿಂತ ಹೆಚ್ಚಾಗಿ ಅವ್ವ ನೋಡುತ್ತಿದ್ದಳು. ಅಕ್ಕನ ಮುಖವನ್ನಲ್ಲ, ಹೊಟ್ಟೆಯನ್ನು. ಅಕ್ಕಿ ಆರಿಸುತ್ತ ನೋಡುವಳು, ರೊಟ್ಟಿ ಬಡಿಯುತ್ತ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ನಿಂತು ನೋಡುವಳು. "ಆಡಾಕತ್ತೈತೇನು?" ಎಂದು ಕೇಳುವಳು. "ಹೂಂ ಅವ್ವ, ಆಡಾಕತ್ತೈತಿ," ಎಂದರೆ, "ನಿನ್ನೆ ಆಡಿದಷ್ಟ ಆಡಾಕತ್ತೈತೋ, ಕಡಿಮಿನೋ?" ಅಕ್ಕ ಮಗ್ಗುಲು ಬದಲಿಸಿದರೆ ಯಾಕೆ, ಬದಲಿಸದಿದ್ದರೆ ಯಾಕೆ. ಅಕ್ಕ ಚಾದರವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತಳು. ಆ ಚಾದರ ಮಧ್ಯಾಹ್ನದ ಬಿಸಿಲಿನಲ್ಲೂ ಯಾಕೆ ಬೇಕಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಸಂಕ್ರಾಂತಿ ಆದಮೇಲೆ ಒಂದು ಬೆಳಿಗ್ಗೆ, ರಾಸಬರಿಯ ಹಳೆಯ ಟೊಂಗೆಗಳ ತುದಿಗೆ ಸಣ್ಣ ಗುಲಾಬಿ ಹೂವಿನ ಗೊಂಚಲು ಬಂದಿವೆ ಎಂದು ನಾನು ಒಳಗೆ ಬಂದು ಹೇಳಿದೆ. ಅವ್ವ ಅಕ್ಕನ ಕಾಲ ಬುಡದಲ್ಲಿ ಕೂತು ಯಥಾಪ್ರಕಾರ ನೋಡುತ್ತಿದ್ದಳು. ಅಕ್ಕ ಗೋಡೆಯ ಕಡೆಯಿಂದ ಇತ್ತ ಹೊರಳಿದಳು.

"ಅವ್ವಾ, ನನಗ ಆ ಹಣ್ಣ ತಿನಬೇಕನಸಾಕತ್ತೈತಿ."

"ಯಾ ಹಣ್ಣಬೇ?"

"ರಾಸಬರಿ ಹಣ್ಣ. ಮಹಾಬಳೇಶ್ವರದಾಗ ತಿಂದಿದ್ನಲ್ಲ, ಅದು."

ಅವ್ವನ ಮುಖದಲ್ಲಿ ಸಂತೋಷವೂ ಗಾಬರಿಯೂ ಒಟ್ಟಿಗೇ ಬಂದವು. ಈ ಸಲ ಅಕ್ಕ ಇದುವರೆಗೆ ಏನನ್ನೂ ಬೇಡಿರಲಿಲ್ಲ, ಅದೂ ಅವ್ವನ ಒಂದು ಚಿಂತೆಯಾಗಿತ್ತು. ಈಗ ಬೇಡಿದಳು, ಬೇಡಿದ್ದು ಇಂಥದ್ದು!

"ಯವ್ವಾ, ಹುಣಸಿಕಾಯಿ ಬೇಡು, ನೆಲ್ಲಿಕಾಯಿ ಬೇಡು, ಊರ ತುಂಬ ಅದಾವ. ಇದೆಲ್ಲಿಂದ ತರಲೇ ಈಗ?"

"ನನಗ ಅದ ಬೇಕು. ಗಿಡದಾಗ ಆದ ಮ್ಯಾಲೆ ಕೊಡು. ಅವಸರಿಲ್ಲ."

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಅವ್ವ ಅಲ್ಲಿಂದ ಎದ್ದವಳು ನೆಟ್ಟಗೆ ಹಿತ್ತಲಿಗೆ ನಡೆದಳು.

ಅವತ್ತಿನಿಂದ ಅವ್ವನ ಠಿಕಾಣಿ ಗಿಡದ ಬುಡಕ್ಕೆ ಬದಲಾಯಿತು. ಅಕ್ಕಿ ಅಲ್ಲೇ ಆರಿಸುವಳು, ಸೊಪ್ಪು ಅಲ್ಲೇ ಬಿಡಿಸುವಳು. ದೃಷ್ಟಿ ತಾಗಬಾರದೆಂದು ಮಸಿ ಗಡಿಗೆಗೆ ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿದಳು. ತಲೆಯ ಮೇಲೆ ಜುಟ್ಟಿರುವ ಪಿಕಳಾರ ಹಕ್ಕಿಗಳು ಗೋಡೆಯ ಮೇಲೆ ಬಂದು ಕೂತು ಅತ್ತಿತ್ತ ನೋಡತೊಡಗಿದ್ದೇ, ಒಳಗೆ ಹೋಗಿ ಅಪ್ಪನ ಮಂಚದ ಸೊಳ್ಳೆ ಪರದೆ ಬಿಚ್ಚಿ ತಂದು ಇಡೀ ಗಿಡಕ್ಕೆ ಹೊದಿಸಿಬಿಟ್ಟಳು. ಅಪ್ಪ ಮನೆಗೆ ಬಂದು ಬೋಳು ಮಂಚ ನೋಡಿ, ಹಿತ್ತಲಿಗೆ ಬಂದು ಪರದೆಯೊಳಗಿನ ಗಿಡ ನೋಡಿ ನಿಂತ.

"ಗಿಡಕ್ಕ ಸೊಳ್ಳಿ ಕಡ್ಯಾಕತ್ತಿದ್ವೇನು?"

"ನಿಮಗ ಕಡದ್ರ ತುರಸ್ಕೋತೀರಿ. ಅದಕ್ಕ ಕೈ ಅದಾವೇನು?" ಎಂದಳು ಅವ್ವ.

ಒಳಗಿನ ಕೋಣೆಯಿಂದ ಅಕ್ಕ ನಕ್ಕದ್ದು ಕೇಳಿಸಿತು. ದೀಪಾವಳಿಯ ನಂತರ ಅವಳು ನಕ್ಕದ್ದು ಅದೇ ಮೊದಲು. ಅವ್ವ, "ಗಟ್ಟ್ಯಾಗಿ ನಗಬ್ಯಾಡ!" ಎಂದು ಕೂಗಿದಳು. ಆದರೆ ಎದ್ದು ಹೋಗಲಿಲ್ಲ.

ಕಾಯಿ ಕಟ್ಟಿದವು. ಹಸಿರು ಕಾಯಿ ಬೆಳ್ಳಗಾಗಿ, ಆಮೇಲೆ ನಸುಗೆಂಪಾಗಿ, ಒಂದು ದಿನ ಪೂರ್ತಿ ಕೆಂಪಾದವು. ಮುತ್ತು ಪೋಣಿಸಿ ಮುದ್ದೆ ಮಾಡಿದ ಹಾಗಿತ್ತು ಒಂದೊಂದು ಹಣ್ಣು. ಅಪ್ಪನನ್ನು ಕರೆಸಿದ್ದಾಯಿತು. ಅಪ್ಪ ಪರದೆ ಸರಿಸಿ, ಗೊಂಚಲನ್ನು ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿ ತೀರ್ಪು ಕೊಟ್ಟ. "ಬಣ್ಣ ಭರ್ತಿ ಬಂದೈತಿ. ಇವತ್ತ ಹರೀರಿ."

ಅವ್ವ ಬೆಳ್ಳಿಯ ಬಟ್ಟಲಲ್ಲಿ ಹಣ್ಣು ಹಾಕಿ, ದೇವರ ಮುಂದಿಟ್ಟು ಎತ್ತಿಕೊಂಡು ಅಕ್ಕನ ಹತ್ತಿರ ಒಯ್ದಳು. ಇಲ್ಲಿ ನನ್ನ ಪ್ರತಾಪ ಸ್ವಲ್ಪ ಹೇಳಬೇಕು. ಇದು ಮಹಾಬಳೇಶ್ವರದ ಗಿಡವೇ ಹೌದೋ, ಅದನ್ನು ಹೋಲುವ ಯಾವುದೋ ವಿಷದ ಗಿಡವೋ ಎಂದು ನನಗೆ ಹೊಸ ಚಿಂತೆ ಹತ್ತಿತ್ತು. ಅದಕ್ಕೇ ಬಾಗಿಲಲ್ಲೇ ಅವ್ವನನ್ನು ತಡೆದು ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸತ್ತರೆ ನಾನೊಬ್ಬಳೇ ಸಾಯಲಿ ಎಂದು. ಸಾಯಲಿಲ್ಲ, ಆದರೆ ಹಲ್ಲು ಚಳಿತು ಹೋದವು. ಅಂಥ ಹುಳಿ! ಇದಕ್ಕೇ ಅಷ್ಟು ದೂರ ಹೋಗಬೇಕಿತ್ತೇ, ಮನೆಯ ಹುಣಸೆಹಣ್ಣು ಏನು ಪಾಪ ಮಾಡಿತ್ತು ಎಂದುಕೊಂಡೆ. ಅಕ್ಕ ಒಂದೊಂದೇ ತಿಂದಳು. ಮುಖ ಸ್ವಲ್ಪವೂ ಕಿವುಚಲಿಲ್ಲ.

"ಇದಽ ಅವ್ವ, ಇದಽ ರುಚಿ," ಎಂದಳು. ಅವ್ವನ ಕಣ್ಣು ತುಂಬಿ ಬಂದವು.

ಗಂಡಾಂತರ ಬಂದದ್ದು ಆಮೇಲೆ. ಕೆಂಪಾದದ್ದನ್ನೆಲ್ಲ ಒಮ್ಮೆಲೇ ಹರಿಯದೆ ಅವ್ವ ದಿನಕ್ಕಿಷ್ಟೆಂದು ಗಿಡದಲ್ಲೇ ಬಿಟ್ಟಿದ್ದಳು. ಒಂದು ಮುಂಜಾನೆ ಪರದೆ ಎತ್ತಿ ನೋಡಿದರೆ ಅವುಗಳಲ್ಲಿ ಕೆಲವು ಕಪ್ಪಾಗಿವೆ. ಮುಟ್ಟಿದರೆ ಮೆತ್ತಗೆ. ಬೆರಳಿಗೆ ನೇರಳೆ ರಸ. ಅಪ್ಪ ಬಂದು ನೋಡಿ ತಲೆ ಅಲ್ಲಾಡಿಸಿದ.

"ಕಪ್ಪ ತಿರಗ್ಯಾವ. ಕೊಳಿ ಬಿದ್ದೈತಿ. ತಗದ ಒಗೀರಿ, ಇಲ್ಲಂದ್ರ ಉಳದದ್ದನ್ನೂ ಕೆಡಸತೈತಿ."

ಅವ್ವ ತೆಗೆದು ಒಗೆದಳು. ಮರುದಿನ ಇನ್ನಷ್ಟು. ಬಚ್ಚಲ ಒಲೆಯ ಬೂದಿ ತಂದು ಚೆಲ್ಲಿದಳು, ಬೇವಿನ ಸೊಪ್ಪು ಕುದಿಸಿದ ನೀರು ಚಿಮುಕಿಸಿದಳು. ಏನು ಮಾಡಿದರೂ ಕೆಂಪು ಹಣ್ಣು ಕೆಂಪಗೆ ನಿಲ್ಲುತ್ತಿರಲಿಲ್ಲ. ಅಕ್ಕ ಏಳುವುದಕ್ಕೆ ಮುಂಚೆ ಎದ್ದು, ಪರದೆಯೊಳಗೆ ಕೈ ಹಾಕಿ ಕಪ್ಪಾದವನ್ನೆಲ್ಲ ಚಿವುಟಿ, ಹಿತ್ತಲ ಮೂಲೆಯ ತಿಪ್ಪೆಯ ಗುಂಡಿಯಲ್ಲಿ ಹಾಕಿ ಮೇಲೆ ಬೂದಿ ಮುಚ್ಚುವಳು. ಪರದೆಯ ಕಲೆ ಆಗಿನವು. ಕೈಯ ಕಲೆ ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಬರುವಳು.

"ಅಕ್ಕಗ ಹೇಳಬ್ಯಾಡ," ಎಂದಳು ನನಗೆ.

"ಹಣ್ಣ ಕೆಟ್ಟ್ರ ಕೆಡ್ಲಿ ಬಿಡವಾ. ಒಮ್ಮೆ ತಿಂದಾಳಲ್ಲ, ಬಯಕಿ ತೀರತು."

ಅವ್ವ ನನ್ನ ರಟ್ಟೆ ಹಿಡಿದಳು. "ಬಯಕಿ ಮಾತಲ್ಲ ಶಾಂತಾ. ಎರಡ ವರ್ಷ ಈ ಗಿಡಾ ಬರೇ ಬೆಳೀತು, ಏನೂ ಹಿಡೀಲಿಲ್ಲ. ಆಕಿಗೂ ಹಿಡೀಲಿಲ್ಲ. ಈ ವರ್ಷ ಇದು ಕಾಯಿ ಕಟ್ಟಿದಾಗ ನನಗ ಜೀವ ಬಂದಂಗಾಗಿತ್ತು. ಈಗ ನೋಡು, ಕಾಯಿ ಕಟ್ಟಿ, ಬಣ್ಣಾ ಬಂದು, ಇನ್ನೇನು ಕೈಗೆ ಬಂತು ಅನ್ನೂದ್ರಾಗ ಹಿಂಗ..." ಎಂದು ಗುಂಡಿಯ ಕಡೆ ಕೈ ತೋರಿಸಿದಳು.

ಹೇಳದಿದ್ದರೆ ಒಳ್ಳೆಯದಿತ್ತು. ಅದುವರೆಗೆ ಗಿಡ ಗಿಡವಾಗಿತ್ತು, ಅಕ್ಕ ಅಕ್ಕನಾಗಿದ್ದಳು. ಅವ್ವ ಅವೆರಡನ್ನೂ ಗಂಟು ಹಾಕಿ ಆ ಗಂಟನ್ನು ನನ್ನ ಉಡಿಗೆ ಹಾಕಿದಳು. ಅಕ್ಕನಿಗೆ ಆಗ ದಿನ ಹತ್ತಿರ ಬರುತ್ತಿದ್ದವು. ನಾನು ಕಾಲೇಜಿನಲ್ಲಿ ಕೂತರೂ ಕಣ್ಣೆದುರು ಆ ಗುಂಡಿಯೇ. ಹುಡುಗಿಯರ ಜೊತೆ ನಗುತ್ತ ನಡೆದು ಬಂದರೂ ನಮ್ಮ ಓಣಿ ತಿರುಗಿದ ಕೂಡಲೇ ನಿಂತು ದೂರದಿಂದ ನೋಡುತ್ತಿದ್ದೆ, ಮನೆಯ ಮುಂದೆ ಜನ ನಿಂತಿದ್ದಾರೋ ಏನೋ ಎಂದು. ನಿಂತಿರುತ್ತಿರಲಿಲ್ಲ. ಆದರೂ ಚಪ್ಪಲಿ ಬಿಡುವ ಮೊದಲು ಕಿಟಕಿಯಿಂದ ಇಣುಕಿ, ಅಕ್ಕನ ಚಾದರ ಮೇಲೆ ಕೆಳಗೆ ಆಡುವುದನ್ನು ನೋಡಿಯೇ ಒಳಗೆ ಹೋಗುತ್ತಿದ್ದೆ.

ಅಕ್ಕನೂ ಸುಮ್ಮನಿರಲಿಲ್ಲ. "ಅವ್ವ ಯಾಕ ಹಿಂಗ ಸೊರಗ್ಯಾಳ?" ಎಂದು ನನ್ನನ್ನು ಕೇಳಿದಳು.

"ಬಿಸಲು," ಎಂದೆ.

"ಖರೇ ಹೇಳು."

"ಖರೇನ, ಬಿಸಲು."

ಅವ್ವ ಉಳಿಸಿದ ನಾಲ್ಕಾರು ಕೆಂಪು ಹಣ್ಣು ದಿನವೂ ಬಟ್ಟಲಲ್ಲಿ ಬರುತ್ತಿದ್ದವು. ಅಕ್ಕ ದಿನವೂ ಮುಖ ಕಿವುಚದೆ ತಿನ್ನುತ್ತಿದ್ದಳು. ಅವಳ ಹಲ್ಲು ಎಷ್ಟು ಚಳಿತಿದ್ದವೆಂದರೆ ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಊಟ ಕಡಿಮೆಯಾಯಿತೆಂದು ಅವ್ವನಿಗೆ ಮತ್ತೊಂದು ಹೆದರಿಕೆ.

ಹೋಳಿ ಹುಣ್ಣಿಮೆ ಮುಗಿದ ವಾರ, ತಮ್ಮ ರಜೆಯ ದಿನ ಮಾಮಾ ಬಂದರು. ನಡುರಾತ್ರಿಗೆ ಪಾಳಿ ಮುಗಿಸಿ ಬೆಳಗಿನ ಮೊದಲ ಬಸ್ಸು ಹತ್ತಿದ್ದರಿಂದ ಬೆಳಕು ಹರಿಯುವ ಹೊತ್ತಿಗೇ ಮನೆ ಮುಟ್ಟಿದ್ದರು. ಕಾಲು ತೊಳೆಯಲು ಹಿತ್ತಲಿಗೆ ಹೋದರು, ನಾನು ತಂಬಿಗೆ ಹಿಡಿದು ಹಿಂದೆ ಹೋದೆ. ಅವ್ವ ನಮಗೆ ಬೆನ್ನು ಹಾಕಿ, ಪರದೆಯೊಳಗೆ ಅರ್ಧ ಹೊಕ್ಕು ಕಪ್ಪು ಹಣ್ಣು ಚಿವುಟುತ್ತಿದ್ದಳು. ಆ ದಿನ ಪೂರಾ ಗೊಂಚಲುಗಳೇ ಕಪ್ಪಾಗಿದ್ದವು. ಮಾಮಾ ನೋಡುತ್ತ ನಿಂತರು. ಅವ್ವ ಉಡಿ ತುಂಬ ಹಣ್ಣು ತಂದು ಗುಂಡಿಗೆ ಸುರಿಯಲು ಬಗ್ಗಿದಾಗ ಅವರಿಗೆ ತಡೆಯಲಾಗಲಿಲ್ಲ.

"ಅತ್ತೀ! ಹಣ್ಣಾದವನ್ನ ಯಾಕ ಒಗ್ಯಾಕತ್ತೀರಿ?"

ಅವ್ವ ಬೆಚ್ಚಿ ತಿರುಗಿದಳು. "ಗಿರಿಜಾಗ ಕೇಳ್ಸೀತು, ಸಾವಕಾಶ ಮಾತಾಡ್ರಿ. ಕೆಟ್ಟ ಹಣ್ಣರಿ ಇವು. ಕಪ್ಪ ತಿರಗ್ಯಾವ."

"ಕಪ್ಪ ತಿರಗಿದ್ರನ ಹಣ್ಣರಿ! ಕೆಂಪಂದ್ರ ಇನ್ನೂ ಕಾಯಿ." ಮಾಮಾ ಅವಳ ಉಡಿಯಿಂದ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು. "ಇದಽ ನೋಡ್ರಿ. ಅಲ್ಲೆ ಇದನ್ನ ಮಾರತಿದ್ರು. ನೀವೂ ತಿನ್ರಿ."

ಅವ್ವ ತಿನ್ನಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಉಡಿಯ ಹಣ್ಣು ಒಂದೆರಡು ಉರುಳಿ ಬಿದ್ದವು. ಗುಂಡಿಯ ಕಡೆ ನೋಡಿದಳು, ಗಿಡದ ಕಡೆ ನೋಡಿದಳು, ಆಮೇಲೆ ಮಾಮಾನ ಮುಖ ನೋಡಿ ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾದ್ರ ಒಂದೂ ಕೆಟ್ಟಿರಲಿಲ್ಲೇನ್ರಿ?"

"ಒಂದೂ ಇಲ್ರಿ."

ಅವ್ವ ನಕ್ಕಳು. ನಗುತ್ತ ನಗುತ್ತ ಅಳುವಾಯಿತು. ಸೆರಗು ಬಾಯಿಗೆ ತುರುಕಿಕೊಂಡು, ದನಿ ಒಳಗೆ ಹೋಗದ ಹಾಗೆ ಅತ್ತಳು. ಮಾಮಾ ತಾವೇನು ತಪ್ಪು ಮಾಡಿದೆವೆಂದು ತಿಳಿಯದೆ ನನ್ನ ಕೈಯ ತಂಬಿಗೆ ಇಸಿದುಕೊಂಡು ನಿಂತಿದ್ದರು. ನಾನೂ ಅತ್ತೆ. ಅಪ್ಪ ಬಂದು ವಿಷಯ ಕೇಳಿ, ಒಂದು ಕಪ್ಪು ಹಣ್ಣನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ನಮ್ಮ ಪ್ಯಾಟ್ಯಾಗ ಇದು ನಡ್ಯಾಂಗಿಲ್ಲ," ಎಂದು ಗೊಣಗಿ ಬಾಯಿಗೆ ಹಾಕಿಕೊಂಡ. ಆಮೇಲೆ ಮಾತಾಡದೆ ಇನ್ನೊಂದಕ್ಕೆ ಕೈ ಚಾಚಿದ.

ಬಟ್ಟಲು ತುಂಬ ಕಪ್ಪು ಹಣ್ಣು ಅಕ್ಕನ ಮುಂದೆ ಹೋಯಿತು. ಅಕ್ಕ ಬಟ್ಟಲು ನೋಡಿ, ಅವ್ವನ ಮುಖ ನೋಡಿ, ಅವ್ವನ ಬೆರಳು ನೋಡಿದಳು.

"ನಿನಗ ಗೊತ್ತಿತ್ತಲ್ಲಬೇ, ಕೆಂಪಂದ್ರ ಕಾಯಿ ಅಂತ? ಯಾಕ ಹೇಳಲಿಲ್ಲ?" ಎಂದು ಅವ್ವ ಕೇಳಿದಳು.

"ನೀ ಅಷ್ಟು ಆಶಾದ್ಲೆ ಹಿಡಕೊಂಡ ಬಂದಿದ್ದಿ. ಹೆಂಗ ಹೇಳ್ಲೆವ್ವ? ಕೆಂಪಾಗೂದ ತಡಾ, ಹರೀದ ಇರಾಕ ನಿನಗ ಆಗವಲ್ದು ಅಂದ್ಕೊಂಡಿದ್ದೆ. ಕರ್ರಗಾದವ್ನ ಒಗ್ಯಾಕತ್ತಿ ಅಂತ ನನಗೇನು ಗೊತ್ತು? ನೀ ಹೇಳಿದ್ಯೇನು?"

ಒಬ್ಬರು ಒಂದು ಮಾತು ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಒಬ್ಬರಿಗೊಬ್ಬರು ಚಿಂತೆ ಕೊಡಬಾರದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಮನೆ ತುಂಬ ಚಿಂತೆ ಬೆಳೆಸಿದ್ದರು. ಆಯಿ ಮೂಲೆಯಿಂದ, "ಮುಳ್ಳಿನ ಗಿಡ ಅಂತ ನಾ ಆವತ್ತ ಹೇಳಿದ್ದೆ," ಎಂದಳು. ಅವಳಿಗೂ ಒಂದು ಹಣ್ಣು ತಿನ್ನಿಸಿದೆವು. ಆಮೇಲೆ ಅವಳು ಮುಳ್ಳಿನ ಮಾತು ಎತ್ತಲಿಲ್ಲ.

ಯುಗಾದಿಯ ಹಿಂದುಮುಂದು ಅಕ್ಕನಿಗೆ ನೋವು ಬಂತು. ಬಾಡಿಗೆ ಕಾರು, ಮೋಟೆಬೆನ್ನೂರಿನ ರಸ್ತೆ, ರಾಣೆಬೆನ್ನೂರಿನ ದವಾಖಾನೆಯ ಉದ್ದ ಬೆಂಚು. ಪ್ರತಿ ಕುಣಿಗೂ ಅವ್ವ, "ಸಾವಕಾಶ ಹೋಗಪಾ," ಎನ್ನುವಳು, ಮರುಗಳಿಗೆಗೆ, "ಲಗೂ ಹೋಗಪಾ," ಎನ್ನುವಳು. ಬೆಂಚಿನ ಮೇಲೆ ನಾನು ಹಿಡಿದಿದ್ದ ಅವ್ವನ ಕೈಯಲ್ಲಿ ಉಗುರಿನ ಸಂದಿಯ ನೇರಳೆ ಬಣ್ಣ ಇನ್ನೂ ಹೋಗಿರಲಿಲ್ಲ. ಅದನ್ನೇ ನೋಡುತ್ತ ಕೂತೆ. ಬಾಗಿಲು ತೆರೆದು ದವಾಖಾನೆಯ ಆಯಾ ಹೊರಗೆ ಬಂದು, "ಹೆಣ್ಣ ಕೂಸು, ಇಬ್ಬರೂ ಅರಾಮ ಅದಾರ," ಎಂದಳು. ಅವ್ವ ಕೈ ಮುಗಿದಳು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ಕಿವಿ ನೋಡಿದ್ರೇನು?" ಕಿವಿ ಚೆನ್ನಾಗಿದ್ದವು. ಆ ಹುಡುಗಿಯ ಕಿವಿ ಇವತ್ತಿಗೂ ಎಷ್ಟು ಚುರುಕೆಂದರೆ, ಮನೆಯಲ್ಲಿ ಪಿಸುಮಾತು ಆಡುವಂತಿಲ್ಲ.

ಕತೆ ಇಲ್ಲಿಗೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಕೆಲವು ವರ್ಷಗಳ ನಂತರ, ತೊಂಬತ್ತರ ದಶಕದ ಒಂದು ಬೇಸಿಗೆ, ಅಕ್ಕ ಬ್ಯಾಡಗಿಗೆ ಬಂದಾಗ ನಾವಿಬ್ಬರೂ ಈ ಪರದೆ ಒಗೆಯಲು ಕೂತಿದ್ದೆವು. ಕಲೆ ಉಜ್ಜುತ್ತ ನಾನು, "ಏನ ಬಯಕಿನೋ ನಿಂದು, ಅಪ್ಪನ ಪರದಿ ತಿಂತು," ಎಂದೆ. ಅಕ್ಕ ಸಾಬೂನು ಕೆಳಗಿಟ್ಟಳು. ಅವ್ವ ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ನನಗ ಯಾ ಬಯಕೀನೂ ಇರಲಿಲ್ಲ ಶಾಂತಾ."

ನಾನು ಪರದೆ ಕೈಬಿಟ್ಟು, "ಮತ್ತ ಯಾಕ ಬೇಡಿದಿ?" ಎಂದೆ.

"ಅವ್ವ ದಿನಾ ನನ್ನ ಹೊಟ್ಟಿ ನೋಡ್ತಿದ್ಲಲ್ಲ, ನನಗ ತಡಕೊಳ್ಳಾಕ ಆಗ್ತಿರಲಿಲ್ಲ. ಆಕಿ ನೋಡಿದಾಗೊಮ್ಮೆ ನನಗ ಹಿಂದಿನವು ನೆನಪಾಗ್ತಿದ್ವು. ನೋಡಬ್ಯಾಡ ಅಂತ ತಾಯಿಗೆ ಹೆಂಗ ಹೇಳೂದು? ಅದಕ್ಕ ಗಿಡಾ ನೋಡ್ಲಿ ಅಂತ ಅದನ್ನ ಬೇಡಿದೆ. ಹುಣಸಿಕಾಯಿ ಬೇಡಿದ್ರ ಒಂದ ಗಳಿಗಿದಾಗ ತಂದಕೊಟ್ಟು ಮತ್ತ ಬಂದು ಕುಂದರ್ತಿದ್ಲು. ಬೆಳ್ಯಾಕ ಹೊತ್ತ ಹಿಡಿಯೂದು ಬೇಡಬೇಕಿತ್ತು." ಮತ್ತೆ ಸಾಬೂನು ಎತ್ತಿಕೊಂಡಳು. "ಆಕಿ ಅದಕ್ಕೂ ನನಗೂ ಗಂಟ ಹಾಕಿದ್ಲಂತ ನೀ ಆಮ್ಯಾಲೆ ಹೇಳಿದಿ. ಹಂಗಾಗತೈತಿ ಅಂತ ಗೊತ್ತಿದ್ರ ಬೇಡತಿದ್ದಿಲ್ಲ."

ಅವ್ವ ಹೋಗಿ ಈಗ ಬಹಳ ವರ್ಷಗಳಾದವು. ಅವಳಿಗೆ ಇದು ಕಡೆಯವರೆಗೂ ತಿಳಿಯಲಿಲ್ಲ. ಬಾಗಿ ಬೇರು ಬಿಟ್ಟಿದ್ದ ಒಂದು ಟೊಂಗೆಯನ್ನು ನಾನು ಹಾವೇರಿಗೆ ತಂದು ನಮ್ಮ ಹಿತ್ತಲಲ್ಲಿ ಹಚ್ಚಿದ್ದೇನೆ. ಅದೂ ತನ್ನ ತಾಯಿಗಿಡದಂತೆ ವಿಭೂತಿ ಬಳಿದುಕೊಂಡು ಬೆಳೆದಿದೆ. ಒಂದು ವರ್ಷ ಹಣ್ಣು ಬಿಡುತ್ತದೆ, ಒಂದು ವರ್ಷ ಬಿಡುವುದಿಲ್ಲ. ನಾನೂ ಹೆಚ್ಚು ಹಚ್ಚಿಕೊಂಡಿರಲಿಲ್ಲ.

ಪರದೆ ಯಾಕೆ ತೆಗೆದೆನೆಂದು ಹೇಳಬೇಕಲ್ಲ. ಹೋದ ವಾರ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಗಟ್ಟಿಮುಟ್ಟಾಗಿದ್ದಾಳೆ, ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದಾರೆ. ಎಲ್ಲ ಸರಿಯಿದೆ ಎಂದರೆ ಏನೋ ಮುಚ್ಚಿಡುತ್ತಿದ್ದಾರೆಂದೇ ನನ್ನ ಅನುಮಾನ. ಮೊನ್ನೆ ಸಂಜೆ ನಾನು ಅವಳ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಚಾದರ ತೆಗೆದುಕೊಂಡು ಹೊಟ್ಟೆಯ ಮೇಲೆ ಎಳೆದುಕೊಂಡಳು. ಸೆಕೆ ಇತ್ತು, ಫ್ಯಾನು ತಿರುಗುತ್ತಿತ್ತು. ಆಮೇಲೆ ಕೇಳಿದಳು.

"ಅವ್ವಾ, ನನಗ ಹಿತ್ತಲದಾಗಿನ ಆ ರಾಸಬರಿ ಹಣ್ಣ ತಿನಬೇಕನಸಾಕತ್ತೈತಿ. ಆದ ಮ್ಯಾಲೆ ಕೊಡು. ಅವಸರಿಲ್ಲ."

ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡಿದಳು. ಅದರ ಹಿಂದಿನ ದಿನವೇ ಅವಳ ದೊಡ್ಡವ್ವ, ಅಂದರೆ ನನ್ನ ಅಕ್ಕ ಬಂದು ಹೋಗಿದ್ದಳು. ಇಬ್ಬರೂ ಬಾಗಿಲು ಮುಂದೆ ಮಾಡಿಕೊಂಡು ಏನೋ ಮಾತಾಡಿ ನಕ್ಕಿದ್ದರು.

ಬಯಕೆ ಸುಳ್ಳೆಂದು ನನಗೆ ಗೊತ್ತು. ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿರಬೇಕು. ಆದರೂ ಸುಲಿಯುತ್ತಿದ್ದ ಅವರೆಕಾಯಿ ಬಿಟ್ಟು ಹಿತ್ತಲಿಗೆ ಹೋದೆ. ಟೊಂಗೆಯ ತುದಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದೆ. ಇನ್ನೂ ಒಂದು ಮೊಗ್ಗೂ ಇಲ್ಲ. ಈ ವರ್ಷ ಬಿಡುತ್ತದೋ ಇಲ್ಲವೋ. ಗೋಡೆಯ ಮೇಲೆ ಎರಡು ಪಿಕಳಾರ ಆಗಲೇ ಬಂದು ಕೂತಿವೆ. ಪರದೆಗೆ ಒಂದು ಮೂಲೆಯಲ್ಲಿ ತೂತು ಬಿದ್ದಿದೆ, ಇವತ್ತೇ ಹೊಲಿಯಬೇಕು.